ಮೂಗಿನ ಮೇಲಿದ್ದ ಕೊಂಬು ಹೆಬ್ಬೆರಳಿಗೆ ಇಳಿದ ಕಥೆ

ಗಣಪತಿ ಮೂರ್ತಿ ಮಾಡುವವರಿಗೆ ಒಂದು ಅನುಕೂಲವಿದೆ. ಸೊಂಡಿಲು ಎಲ್ಲಿರಬೇಕು, ಹೊಟ್ಟೆ ಎಷ್ಟಿರಬೇಕು ಎನ್ನುವುದು ಊರಿಗೆಲ್ಲ ಗೊತ್ತು. ತಪ್ಪಿದರೆ ಚಿಕ್ಕ ಮಕ್ಕಳೇ ಹೇಳಿಬಿಡುತ್ತಾರೆ. ಆದರೆ ಯಾವ ಮನುಷ್ಯನೂ ಕಣ್ಣಾರೆ ನೋಡದ ಪ್ರಾಣಿಯ ಮೂರ್ತಿಯನ್ನು ಅದರ ನಿಜವಾದ ಅಳತೆಯಲ್ಲೇ ಮಾಡಿ ನಿಲ್ಲಿಸಬೇಕು ಎಂದರೆ? ದೊಡ್ಡ ಡೈನೋಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷಗಳಾದವು. ಉಳಿದಿರುವುದು ಕಲ್ಲಾಗಿ ಹೋದ ಮೂಳೆ, ಹಲ್ಲು, ಮೊಟ್ಟೆ, ಹೆಜ್ಜೆ ಗುರುತು. ಅಷ್ಟನ್ನೇ ಹಿಡಿದುಕೊಂಡು ಮೈ, ಮುಖ, ನಿಲುವು ಎಲ್ಲವನ್ನೂ ಕಟ್ಟಬೇಕು.

ಈಗ ಉದ್ಯಾನಗಳಲ್ಲಿ, ಜಾತ್ರೆ ಮೈದಾನಗಳಲ್ಲಿ, ಮಾಲ್‌ಗಳ ಬಾಗಿಲಲ್ಲಿ ಡೈನೋಸಾರ್ ನಿಂತಿರುತ್ತದೆ. ಮಕ್ಕಳು ಫೋಟೊ ತೆಗೆಸಿಕೊಳ್ಳುತ್ತಾರೆ. ಅದರಲ್ಲಿ ನಿಜ ಎಷ್ಟು, ಊಹೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳುವುದಕ್ಕೆ ಒಂದೇ ಒಂದು ಮೂಳೆಯ ಕಥೆ ಸಾಕು. ಚೂಪಾದ, ಕೊಂಬಿನಂಥ ಮೂಳೆ ಅದು. ಅದನ್ನು ಮೊದಲು ಮೂಗಿನ ಮೇಲೆ ಇಟ್ಟರು. ಆಮೇಲೆ ಅದು ಕೈಗೆ ಇಳಿಯಿತು. ಈ ನಡುವೆ ಸುಮಾರು 50 ವರ್ಷ ಕಳೆದವು.

ಮೊದಲು ಸಿಕ್ಕಿದ್ದು ಹಲ್ಲು

ಇಂಗ್ಲೆಂಡಿನ ದಕ್ಷಿಣದಲ್ಲಿ ಸಸೆಕ್ಸ್ ಎಂಬ ಸೀಮೆ ಇದೆ. ಅಲ್ಲಿ ಗಿಡಿಯನ್ ಮ್ಯಾಂಟೆಲ್ ಎಂಬ ವೈದ್ಯರಿದ್ದರು. ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ಕಲ್ಲಿನ ಕ್ವಾರಿಗಳಿಂದ ಪಳೆಯುಳಿಕೆ ತರಿಸಿ ಕೂಡಿಡುವುದು ಅವರ ಹುಚ್ಚು. 1820ರ ದಶಕದ ಆರಂಭದಲ್ಲಿ ಅವರ ಕೈಗೆ ಕೆಲವು ವಿಚಿತ್ರ ಹಲ್ಲುಗಳು ಬಂದವು. ಸೊಪ್ಪು ಜಗಿದು ಸವೆದ ಹಲ್ಲುಗಳು, ಆದರೆ ಬಹಳ ದೊಡ್ಡವು.

ಆ ಕಾಲದ ದೊಡ್ಡ ಪಂಡಿತರಾದ ಪ್ಯಾರಿಸ್ಸಿನ ಕ್ಯುವಿಯೇ ಅವರಿಗೆ ತೋರಿಸಿದಾಗ, ಮೊದಲು ಅದು ಘೇಂಡಾಮೃಗದ ಹಲ್ಲು ಎಂದರು. ಮ್ಯಾಂಟೆಲ್ ಒಪ್ಪಲಿಲ್ಲ. ಲಂಡನ್ನಿನ ಒಂದು ಸಂಗ್ರಹಾಲಯದಲ್ಲಿ ಹುಡುಕುತ್ತಿದ್ದಾಗ ಇಗ್ವಾನಾ ಎಂಬ ಪ್ರಾಣಿಯ ಹಲ್ಲು ಕಣ್ಣಿಗೆ ಬಿತ್ತು. ಇಗ್ವಾನಾ ಎಂದರೆ ಅಮೆರಿಕ ಖಂಡದ, ನಮ್ಮ ಓತಿಕ್ಯಾತನನ್ನು ಹತ್ತಾರು ಪಟ್ಟು ಹಿಗ್ಗಿಸಿದಂಥ ಜೀವಿ. ಅದರ ಹಲ್ಲೂ ಇದೇ ಆಕಾರ. 1825ರಲ್ಲಿ ಮ್ಯಾಂಟೆಲ್ ತಮ್ಮ ಪ್ರಾಣಿಗೆ ಇಗ್ವಾನೊಡಾನ್ ಎಂದು ಹೆಸರಿಟ್ಟರು. ಇಗ್ವಾನಾ ಹಲ್ಲಿನದು ಎಂದು ಅರ್ಥ. ಹಲ್ಲಿನ ಲೆಕ್ಕದಲ್ಲೇ ಮೈಯನ್ನೂ ಹಿಗ್ಗಿಸಿ, ಅದು 60 ಅಡಿಗೂ ಉದ್ದ ಇದ್ದಿರಬೇಕೆಂದು ಅಂದಾಜು ಮಾಡಿದರು.

1834ರಲ್ಲಿ ಮೇಡ್‌ಸ್ಟನ್ ಊರಿನ ಕ್ವಾರಿಯೊಂದರಲ್ಲಿ ಒಂದೇ ಬಂಡೆಯಲ್ಲಿ ಹಲವು ಮೂಳೆಗಳು ಸಿಕ್ಕವು. ಸ್ನೇಹಿತರು 25 ಪೌಂಡ್ ಕೂಡಿಸಿ ಅದನ್ನು ಕೊಂಡು ಮ್ಯಾಂಟೆಲ್ ಅವರಿಗೆ ಕೊಟ್ಟರು. ಮೂಳೆಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ತಲೆಬುರುಡೆ ಇರಲಿಲ್ಲ. ಇದ್ದದ್ದರಲ್ಲಿ ಒಂದು ಚೂಪಾದ ಮೂಳೆಯನ್ನು ಮ್ಯಾಂಟೆಲ್ ಅದಾಗಲೇ ಕೊಂಬು ಎಂದು ತಿಳಿದಿದ್ದರು. ಕೊಂಬು ಎಂದ ಮೇಲೆ ತಲೆಯ ಮೇಲೇ ಇರಬೇಕಲ್ಲ? ಕೆಲವು ಇಗ್ವಾನಾಗಳ ಮೂಗಿನ ಮೇಲೂ ಕೋಡಿನಂಥ ಉಬ್ಬು ಇರುತ್ತದೆ. ಹಾಗಾಗಿ ಅವರ ಚಿತ್ರದಲ್ಲಿ ಆ ಮೂಳೆ ಮೂಗಿನ ತುದಿಗೆ ಹೋಗಿ ಕೂತಿತು.

ಇದನ್ನು ಅಡ್ಡಾದಿಡ್ಡಿ ಊಹೆ ಎನ್ನಲಾಗದು. ಕೈಯಲ್ಲಿ ಇದ್ದದ್ದು ಹಲ್ಲು ಮತ್ತು ಕೆಲವೇ ಮೂಳೆ. ಹಲ್ಲು ಯಾವ ಪ್ರಾಣಿಯದನ್ನು ಹೋಲುತ್ತದೋ ಆ ಪ್ರಾಣಿಯನ್ನೇ ಅಳತೆಗೋಲು ಮಾಡಿಕೊಂಡರು. ಬೇರೆ ಅಳತೆಗೋಲು ಇರಲಿಲ್ಲ.

ನಾಲ್ಕು ಕಂಬದ ಮೇಲೊಂದು ಮನೆ

1842ರಲ್ಲಿ ರಿಚರ್ಡ್ ಓವೆನ್ ಎಂಬ ವಿಜ್ಞಾನಿ ಮೂರು ಪ್ರಾಣಿಗಳನ್ನು ಒಂದೇ ಗುಂಪಿಗೆ ಸೇರಿಸಿ ಡೈನೋಸಾರ್ ಎಂಬ ಹೆಸರನ್ನು ಹುಟ್ಟುಹಾಕಿದರು. ಇಗ್ವಾನೊಡಾನ್, ಮಾಂಸ ತಿನ್ನುವ ಮೆಗಲೊಸಾರಸ್, ಬೆನ್ನ ಮೇಲೆ ಮುಳ್ಳುಗಳಿದ್ದ ಹೈಲಿಯೊಸಾರಸ್. ಅವುಗಳ ಉದ್ದವನ್ನು ಓವೆನ್ ತುಂಬಾ ಇಳಿಸಿದರು. ಹಲ್ಲಿಯ ಹಾಗೆ ಹೊಟ್ಟೆ ಎಳೆಯುವ ಪ್ರಾಣಿಯಲ್ಲ, ಆನೆ, ಘೇಂಡಾಮೃಗದ ಹಾಗೆ ಕಾಲುಗಳನ್ನು ನೆಟ್ಟಗೆ ಊರಿ ನಡೆಯುವ ಪ್ರಾಣಿ ಎಂದರು.

ಹತ್ತು ವರ್ಷದ ಮೇಲೆ ಲಂಡನ್ನಿನ ದಕ್ಷಿಣಕ್ಕಿರುವ ಸಿಡ್ನಮ್‌ನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆ ಮತ್ತು ಉದ್ಯಾನ ಕಟ್ಟುವ ಕೆಲಸ ಶುರುವಾಯಿತು. ಕೆರೆಯ ದ್ವೀಪಗಳ ಮೇಲೆ ಅಳಿದ ಪ್ರಾಣಿಗಳನ್ನು ನಿಲ್ಲಿಸಬೇಕು ಎಂದು ಯೋಜನೆ. ಆ ಹೊಣೆ ಬಿದ್ದದ್ದು ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿಯ ಮೇಲೆ. ವಿಜ್ಞಾನದ ಸಲಹೆಗೆ ಓವೆನ್ ಇದ್ದರು.

ಹಾಕಿನ್ಸ್ ಕೆಲಸ ಮಾಡಿದ ಕ್ರಮ ಇವತ್ತಿಗೂ ಈ ಕಸುಬಿನ ಬೆನ್ನೆಲುಬು. ಮೊದಲು ಮೂಳೆಗಳನ್ನು ನೋಡಿ ಅಳತೆ ತೆಗೆದುಕೊಂಡರು. ಆಮೇಲೆ ಚಿಕ್ಕ ಮಾದರಿ ಮಾಡಿ ತಿಳಿದವರಿಗೆ ತೋರಿಸಿದರು. ಅದು ಸರಿ ಎನಿಸಿದ ಮೇಲೆ ಪೂರ್ಣ ಅಳತೆಯಲ್ಲಿ ಜೇಡಿಮಣ್ಣಿನ ಮೂರ್ತಿ. ಅದರಿಂದ ಅಚ್ಚು. ಕೊನೆಗೆ ಅಚ್ಚಿನಿಂದ ಕಬ್ಬಿಣ, ಇಟ್ಟಿಗೆ, ಸಿಮೆಂಟಿನ ಗಟ್ಟಿ ಮೂರ್ತಿ. ನಮ್ಮೂರ ಮೂರ್ತಿ ಮಾಡುವವರಿಗೂ, ಗಾರೆ ಕೆಲಸದವರಿಗೂ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಆದರೆ ಗಾತ್ರ ನೋಡಿ. ಇಗ್ವಾನೊಡಾನ್ ಮೂಗಿನಿಂದ ಬಾಲದವರೆಗೆ ಸುಮಾರು 35 ಅಡಿ. ಮಣ್ಣಿನ ಮೂರ್ತಿಗೇ 30 ಟನ್ ಮಣ್ಣು ಬೇಕಾಯಿತು. ಅಷ್ಟೂ ಭಾರ ನಾಲ್ಕು ಕಾಲಿನ ಮೇಲೆ ನಿಲ್ಲಬೇಕು, ಆಸರೆಗೆ ಕಲ್ಲು ಮರ ಏನೂ ಇಲ್ಲ. 1854ರಲ್ಲಿ ಒಂದು ಉಪನ್ಯಾಸದಲ್ಲಿ ಹಾಕಿನ್ಸ್ ಗುತ್ತಿಗೆದಾರರ ಹಾಗೆ ಲೆಕ್ಕ ಒಪ್ಪಿಸಿದರು. 9 ಅಡಿ ಉದ್ದದ 4 ಕಬ್ಬಿಣದ ಕಂಬ, 600 ಇಟ್ಟಿಗೆ, ಚರಂಡಿಗೆ ಹಾಕುವ 650 ಅರೆದುಂಡನೆಯ ಹೆಂಚು, 900 ಸಾದಾ ಹೆಂಚು, 38 ಪೀಪಾಯಿ ಸಿಮೆಂಟು, 90 ಪೀಪಾಯಿ ಜಲ್ಲಿ. ಇದು ನಾಲ್ಕು ಕಂಬದ ಮೇಲೆ ಒಂದು ಮನೆ ಕಟ್ಟಿದಷ್ಟೇ ಕೆಲಸ ಎಂದು ಅವರು ಹೇಳಿಕೊಂಡರು.

1853ರ ಡಿಸೆಂಬರ್ 31ರ ರಾತ್ರಿ ಆ ಇಗ್ವಾನೊಡಾನ್ ಅಚ್ಚಿನೊಳಗೇ ಊಟದ ಮೇಜು ಹಾಕಿ 21 ಜನರಿಗೆ ಔತಣ ಕೊಟ್ಟರು. ಪ್ರಾಣಿಯ ತಲೆ ಇರಬೇಕಾದ ಜಾಗದಲ್ಲಿ ಓವೆನ್ ಕೂತಿದ್ದರು. ಮರುವಾರ ಪತ್ರಿಕೆಗಳಲ್ಲಿ ಅದೇ ಸುದ್ದಿ. ಪ್ರಚಾರ ಮಾಡುವುದು ಆಗಲೂ ಗೊತ್ತಿತ್ತು.

1854ರ ಜೂನ್ 10ರಂದು ವಿಕ್ಟೋರಿಯಾ ರಾಣಿ ಬಂದು ಅರಮನೆಯನ್ನು ಉದ್ಘಾಟಿಸಿದರು. ಜನ ಮೊದಲ ಬಾರಿಗೆ ಡೈನೋಸಾರ್‌ಗಳನ್ನು ಪೂರ್ಣ ಗಾತ್ರದಲ್ಲಿ ಕಂಡರು. ದ್ವೀಪಗಳ ಮೇಲಿದ್ದ ಮೂವತ್ತಕ್ಕೂ ಹೆಚ್ಚು ಪ್ರಾಣಿಗಳಲ್ಲಿ ಡೈನೋಸಾರ್‌ಗಳು ನಾಲ್ಕೇ. ಅದರಲ್ಲಿ ಎರಡು ಇಗ್ವಾನೊಡಾನ್. ಎರಡರ ಮೂಗಿನ ಮೇಲೂ ಕೊಂಬು.

ಮ್ಯಾಂಟೆಲ್ ಇದನ್ನು ನೋಡಲಿಲ್ಲ. ಬಂಡಿ ಅಪಘಾತದಲ್ಲಿ ಬೆನ್ನು ಕೆಟ್ಟು, ವರ್ಷಗಟ್ಟಲೆ ನರಳಿ 1852ರಲ್ಲಿ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರಿಗೇ ಒಂದು ವಿಷಯ ಹೊಳೆದಿತ್ತು. ಇಗ್ವಾನೊಡಾನ್‌ನ ಮುಂಗಾಲು ಹಿಂಗಾಲಿಗಿಂತ ತೆಳ್ಳಗಿದೆ, ಆನೆಯ ಹಾಗೆ ಕಂಬದಂಥ ನಾಲ್ಕು ಕಾಲು ಅದಕ್ಕಿರಲಾರದು ಎಂದು. ಆದರೆ ಸಿಮೆಂಟಿಗೆ ಇಳಿದದ್ದು ಓವೆನ್ ಅವರ ಘೇಂಡಾಮೃಗದ ನಿಲುವು.

ಫಿಲಡೆಲ್ಫಿಯಾದ ಸಂಭ್ರಮ, ನ್ಯೂಯಾರ್ಕಿನ ಸುತ್ತಿಗೆ

1868ರಲ್ಲಿ ಹಾಕಿನ್ಸ್ ಅಮೆರಿಕಕ್ಕೆ ಹೋದರು. ಅಲ್ಲಿ ನ್ಯೂಜೆರ್ಸಿಯ ಹ್ಯಾಡನ್‌ಫೀಲ್ಡ್ ಊರಿನಲ್ಲಿ 1858ರಲ್ಲಿ ಅಗೆದು ತೆಗೆದ ಹ್ಯಾಡ್ರೊಸಾರಸ್ ಎಂಬ ಡೈನೋಸಾರ್‌ನ ಮೂಳೆಗಳಿದ್ದವು. ಇಂಗ್ಲೆಂಡಿನಲ್ಲಿ ಸಿಕ್ಕಿದ್ದಕ್ಕಿಂತ ಇದು ಎಷ್ಟೋ ಪೂರ್ಣ. ಮುಂಗಾಲು ಗಿಡ್ಡ, ಹಿಂಗಾಲು ಉದ್ದ. ಇದು ಹಿಂಗಾಲ ಮೇಲೆ ಏಳಬಲ್ಲ ಪ್ರಾಣಿ ಎಂದು ಜೋಸೆಫ್ ಲೀಡಿ ಎಂಬ ವಿಜ್ಞಾನಿ ತರ್ಕಿಸಿದ್ದರು.

ಹಾಕಿನ್ಸ್ ತಾವು ಸಿಡ್ನಮ್‌ನಲ್ಲಿ ಮಾಡಿದ್ದೇ ಸರಿ ಎಂದು ಹಟ ಹಿಡಿಯಲಿಲ್ಲ. ಲೀಡಿ ಅವರ ಮಾತಿನಂತೆ ಎರಡು ಕಾಲಿನ ಮೇಲೆ ನಿಂತ ಅಸ್ಥಿಪಂಜರ ಕಟ್ಟಿದರು. ಸಿಗದ ಮೂಳೆಗಳನ್ನು ಪ್ಲಾಸ್ಟರಿನಲ್ಲಿ ಮಾಡಿದರು. ತಲೆಬುರುಡೆ ಸಿಕ್ಕಿರಲಿಲ್ಲವಾದ್ದರಿಂದ ಇಗ್ವಾನಾ ತಲೆಯನ್ನೇ ಮಾದರಿ ಇಟ್ಟುಕೊಂಡರು. ಜಗತ್ತಿನಲ್ಲಿ ಜೋಡಿಸಿ ನಿಲ್ಲಿಸಿದ ಮೊದಲ ಡೈನೋಸಾರ್ ಅಸ್ಥಿಪಂಜರ ಇದೇ. ಫಿಲಡೆಲ್ಫಿಯಾದ ವಿಜ್ಞಾನ ಅಕಾಡೆಮಿಯಲ್ಲಿ ಇದನ್ನು ನೋಡಲು ಜನ ಮುಗಿಬಿದ್ದರು.

ಅದೇ ಹೊತ್ತಿಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಇನ್ನೂ ದೊಡ್ಡ ಸಂಗ್ರಹಾಲಯ ಕಟ್ಟಲು ಹಾಕಿನ್ಸ್ ಅವರಿಗೆ ಕರೆ ಬಂತು. ಪಾರ್ಕಿನೊಳಗೇ ಕಾರ್ಯಾಗಾರ ಹಾಕಿ ಎರಡು ವರ್ಷಕ್ಕೂ ಹೆಚ್ಚು ದುಡಿದರು. ಅಷ್ಟರಲ್ಲಿ ನಗರದ ಆಡಳಿತ ಬದಲಾಯಿತು. ಹೊಸಬರು 1870ರ ಕೊನೆಗೆ ಯೋಜನೆ ರದ್ದು ಮಾಡಿದರು. 1871ರ ಮೇ 3ರಂದು ಕೂಲಿಯಾಳುಗಳು ಸುತ್ತಿಗೆ ಹಿಡಿದು ಒಳಗೆ ನುಗ್ಗಿ ಮಾದರಿಗಳನ್ನೂ ಅಚ್ಚುಗಳನ್ನೂ ಪುಡಿ ಮಾಡಿದರು.

ಇದನ್ನು ಮಾಡಿಸಿದವರು ಆ ಕಾಲದ ಕುಖ್ಯಾತ ಭ್ರಷ್ಟ ರಾಜಕಾರಣಿ ವಿಲಿಯಂ ಟ್ವೀಡ್ ಎಂದು ನೂರು ವರ್ಷಕ್ಕೂ ಮೀರಿ ಪುಸ್ತಕಗಳು ಬರೆದವು. 2023ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ವಿಕ್ಟೋರಿಯಾ ಕೂಲ್ಸ್ ಮತ್ತು ಮೈಕೆಲ್ ಬೆಂಟನ್ ಹಳೆಯ ನಡಾವಳಿ, ಪತ್ರಿಕಾ ವರದಿಗಳನ್ನು ಮತ್ತೆ ತೆಗೆದು ಓದಿದರು. ಅಪ್ಪಣೆ ಕೊಟ್ಟವರು ಪಾರ್ಕ್ ಆಡಳಿತ ಮಂಡಳಿಯಲ್ಲಿದ್ದ ಹೆನ್ರಿ ಹಿಲ್ಟನ್, ಟ್ವೀಡ್ ಅಲ್ಲ ಎಂದು ತೋರಿಸಿದರು. ಸುದ್ದಿ ಬರೆಯುವ ನಮಗೆ ಇದು ಮುಖ್ಯ ಎನಿಸುತ್ತದೆ. ಟ್ವೀಡ್ ಹೇಗೂ ಕೆಟ್ಟ ಮನುಷ್ಯ, ಇದನ್ನೂ ಅವನೇ ಮಾಡಿಸಿರಬೇಕು ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರು ನಕಲು ಮಾಡುತ್ತ ಬಂದಿದ್ದರು. ಮೂಳೆಯಂತೆ ಕಾಗದವನ್ನೂ ಮತ್ತೆ ಮತ್ತೆ ನೋಡಬೇಕಾಗುತ್ತದೆ.

ಗಣಿಯ ತಳದಲ್ಲಿ ಸಿಕ್ಕ ಉತ್ತರ

ಕೊಂಬಿನ ಪ್ರಶ್ನೆಗೆ ಉತ್ತರ ಬಂದದ್ದು ವಿದ್ವಾಂಸರ ಮನೆಯಿಂದಲ್ಲ, ಕಲ್ಲಿದ್ದಲು ಗಣಿಯಿಂದ. 1878ರಲ್ಲಿ ಬೆಲ್ಜಿಯಂ ದೇಶದ ಬೆರ್ನಿಸಾರ್ ಎಂಬ ಹಳ್ಳಿಯ ಗಣಿಯಲ್ಲಿ, 322 ಮೀಟರ್ ಆಳದಲ್ಲಿ, ಕಾರ್ಮಿಕರಿಗೆ ಮರದ ಬೊಡ್ಡೆಯಂಥ ತುಂಡುಗಳು ಸಿಕ್ಕವು. ಪರೀಕ್ಷಿಸಿದರೆ ಇಗ್ವಾನೊಡಾನ್ ಮೂಳೆ. ಅಗೆಯುತ್ತ ಹೋದಂತೆ ಒಂದಲ್ಲ ಎರಡಲ್ಲ, 30ಕ್ಕೂ ಹೆಚ್ಚು ಪ್ರಾಣಿಗಳ ಅಸ್ಥಿಪಂಜರ. ಹಲವು ಮೂಳೆಗೆ ಮೂಳೆ ಕೂಡಿಕೊಂಡೇ ಮಲಗಿದ್ದವು.

ಗಾಳಿ ತಾಗಿದರೆ ಈ ಮೂಳೆಗಳು ಪುಡಿಯಾಗುತ್ತಿದ್ದವು. ಒಳಗೆ ಕಬ್ಬಿಣ ಮತ್ತು ಗಂಧಕದ ಅಂಶ ಸೇರಿತ್ತು. ಹಾಗಾಗಿ ಗಣಿಯೊಳಗೇ ಪ್ಲಾಸ್ಟರ್ ಮೆತ್ತಿ ಗಟ್ಟಿ ಮಾಡಿ ಮೇಲೆ ತಂದರು. ಹೀಗೆ ತಂದದ್ದು ಸುಮಾರು 600 ಕಟ್ಟು, 130 ಟನ್ ಭಾರ. ಬ್ರಸೆಲ್ಸ್‌ನ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಅಟ್ಟಣಿಗೆ ಕಟ್ಟಿ, ಮೂಳೆಗಳನ್ನು ಹಗ್ಗದಲ್ಲಿ ತೂಗುಹಾಕಿ, ಮೇಲೆ ಕೆಳಗೆ ಮಾಡಿ ನಿಲುವು ಹುಡುಕಿದರು. 1882ರಲ್ಲಿ ಮೊದಲ ಇಗ್ವಾನೊಡಾನ್ ಎದ್ದು ನಿಂತಿತು. ಅವುಗಳ ಅಧ್ಯಯನವನ್ನು ಲೂಯಿ ಡೊಲೊ ಎಂಬ ತರುಣ ವಿಜ್ಞಾನಿ ಕೈಗೆತ್ತಿಕೊಂಡರು.

ಆಗ ಕೊಂಬು ಸಿಕ್ಕಿತು, ಕೈಯಲ್ಲಿ. ಒಂದಲ್ಲ, ಪ್ರತಿ ಪ್ರಾಣಿಗೂ ಎರಡು. ಅದು ಹೆಬ್ಬೆರಳಿನ ತುದಿಯ ಚೂಪು ಮೂಳೆ. ಮೂಗಿನ ಮೇಲೆ ಏನೂ ಇರಲಿಲ್ಲ.

ಇಲ್ಲಿಗೆ ಕಥೆ ಮುಗಿಯಿತು ಎನ್ನುವ ಹಾಗಿಲ್ಲ. ಬ್ರಸೆಲ್ಸ್‌ನವರು ನಿಲುವು ನಿರ್ಧರಿಸಲು ಪಕ್ಕದಲ್ಲಿ ಕಾಂಗರೂ ಜಾತಿಯ ಪ್ರಾಣಿಯ ಮತ್ತು ಕ್ಯಾಸೊವರಿ ಹಕ್ಕಿಯ ಅಸ್ಥಿಪಂಜರ ಇಟ್ಟುಕೊಂಡಿದ್ದರು. ಹಾಗಾಗಿ ಇಗ್ವಾನೊಡಾನ್ ಕೂಡ ಕಾಂಗರೂ ತರಹ ಬಾಲ ನೆಲಕ್ಕೂರಿ ಮೈಯೆತ್ತಿ ನಿಂತಿತು. 1980ರಲ್ಲಿ ಇಂಗ್ಲೆಂಡಿನ ಡೇವಿಡ್ ನಾರ್ಮನ್ ಆ ಮೂಳೆಗಳನ್ನೇ ಮತ್ತೆ ಪರೀಕ್ಷಿಸಿ ಬರೆದರು. ಬಾಲದ ಉದ್ದಕ್ಕೂ ಎಲುಬಿನಂತೆ ಗಟ್ಟಿಯಾದ ಸ್ನಾಯುಪಟ್ಟಿಗಳಿವೆ, ಅದು ನೇಗಿಲ ಈಸಿನಂತೆ ನೆಟ್ಟಗೇ ಇರಬೇಕು, ಹಾಗೆ ಬಾಗಬೇಕಾದರೆ ಮುರಿಯಬೇಕು. ಪ್ರಾಣಿ ಬೆನ್ನನ್ನು ನೆಲಕ್ಕೆ ಸಮನಾಗಿ ಇಟ್ಟುಕೊಂಡು ನಡೆಯುತ್ತಿತ್ತು ಎಂಬುದು ಈಗಿನ ತಿಳಿವಳಿಕೆ. ಆದರೂ ಬ್ರಸೆಲ್ಸ್‌ನ ಗಾಜಿನ ಕೋಣೆಯಲ್ಲಿ ಆ ಹಳೆಯ ಅಸ್ಥಿಪಂಜರಗಳು ಕಾಂಗರೂ ನಿಲುವಿನಲ್ಲೇ ನಿಂತಿವೆ. ಬಿಚ್ಚಿ ಮತ್ತೆ ಕಟ್ಟಿದರೆ ಮೂಳೆ ಉಳಿಯದು.

ಅಚ್ಚಿನ ಪ್ರತಿಗಳು ದೇಶ ಸುತ್ತಿದ್ದು

ಮೂಳೆ ಒಂದೇ ಕಡೆ ಇರುತ್ತದೆ, ಅದರ ಅಚ್ಚಿನ ಪ್ರತಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಹಾಕಿನ್ಸ್ ಅವರ ಡೈನೋಸಾರ್‌ಗಳ ಪುಟ್ಟ ಪ್ಲಾಸ್ಟರ್ ಗೊಂಬೆಗಳನ್ನು ನ್ಯೂಯಾರ್ಕ್ ರಾಜ್ಯದ ಹೆನ್ರಿ ವಾರ್ಡ್ ಅವರ ಕಂಪನಿ ಕಾಲೇಜುಗಳಿಗೆ, ಸಂಗ್ರಹಾಲಯಗಳಿಗೆ ಮಾರುತ್ತಿತ್ತು. ಪ್ಲಾಸ್ಟರ್ ಎಂದರೆ ನಾವು ಪಿಒಪಿ ಎನ್ನುವ ಅದೇ ಪುಡಿ.

ಇದನ್ನು ಬಹಳ ದೊಡ್ಡದಾಗಿ ಮಾಡಿದವರು ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ. ಅವರ ಹಣದಲ್ಲಿ 1899ರಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಡಿಪ್ಲೊಡೊಕಸ್ ಎಂಬ ಉದ್ದ ಕತ್ತಿನ ಡೈನೋಸಾರ್ ಸಿಕ್ಕಿತು. ಅದರ ಚಿತ್ರ ನೋಡಿದ ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್ ನಮಗೂ ಒಂದು ಬೇಕು ಎಂದರು. 292 ಮೂಳೆಗಳ ಪ್ರತಿ ಎರಕ ಹೊಯ್ದು, 36 ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದರು. 1905ರ ಮೇ 12ರಂದು ಲಂಡನ್ನಿನಲ್ಲಿ ಅದು ಪ್ರದರ್ಶನಕ್ಕೆ ಬಂತು. ಆಮೇಲೆ ಬರ್ಲಿನ್, ಪ್ಯಾರಿಸ್, ವಿಯೆನ್ನಾ, ಮ್ಯಾಡ್ರಿಡ್ ಮುಂತಾದ ಊರುಗಳಿಗೂ ಒಂದೊಂದು ಹೋಯಿತು. ಲಂಡನ್ನಿನ ಪ್ರತಿಯ ಬಾಲ 1993ರವರೆಗೆ ನೆಲದಲ್ಲಿ ಎಳೆದಾಡುತ್ತಿತ್ತು. ಹೊಸ ತಿಳಿವಳಿಕೆ ಬಂದ ಮೇಲೆ ಎತ್ತಿ ಗಾಳಿಯಲ್ಲಿ ನಿಲ್ಲಿಸಿದರು. ಅದು ಪ್ಲಾಸ್ಟರ್ ಆಗಿದ್ದರಿಂದ ಸಾಧ್ಯವಾಯಿತು. ಬ್ರಸೆಲ್ಸ್‌ನ ನಿಜ ಮೂಳೆಗೆ ಈ ಭಾಗ್ಯವಿಲ್ಲ. ನಕಲು ಎಂದು ಹಗುರವಾಗಿ ನೋಡುವವರು ಇದನ್ನು ಗಮನಿಸಬೇಕು. ತಪ್ಪು ಗೊತ್ತಾದಾಗ ತಿದ್ದಲು ಬರುವುದು ಪ್ರತಿಯನ್ನೇ.

ನಮ್ಮ ದೇಶದಲ್ಲಿ

ಭಾರತದಲ್ಲೂ ಮೂಳೆಗಳಿವೆ. ಕರ್ನಾಟಕದ ಬಹುಪಾಲು ಬಂಡೆಗಳು ಡೈನೋಸಾರ್ ಕಾಲಕ್ಕಿಂತ ಎಷ್ಟೋ ಹಳೆಯವು, ಅವುಗಳಲ್ಲಿ ಹುಡುಕಿ ಫಲವಿಲ್ಲ. ಆದರೆ ಪ್ರಾಣಹಿತಾ–ಗೋದಾವರಿ ಕಣಿವೆಯಲ್ಲಿ, ನರ್ಮದಾ ಸೀಮೆಯಲ್ಲಿ, ಗುಜರಾತಿನಲ್ಲಿ ಸಾಕಷ್ಟು ಸಿಕ್ಕಿವೆ.

ಗೋದಾವರಿ ಸೀಮೆಯಲ್ಲಿ 1960ರ ಆಸುಪಾಸಿನಲ್ಲಿ ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯವರು ದೊಡ್ಡ ಡೈನೋಸಾರ್ ಒಂದನ್ನು ಅಗೆದರು. ತೊಡೆಯ ಮೂಳೆಯೇ 1.7 ಮೀಟರ್, ಅಂದರೆ ಐದೂವರೆ ಅಡಿ. ಬಂಗಾಳಿಯಲ್ಲಿ ‘ಬರ ಪಾ’ ಎಂದರೆ ದೊಡ್ಡ ಕಾಲು. ರವೀಂದ್ರನಾಥ ಠಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಅವರ ಹೆಸರನ್ನೂ ಸೇರಿಸಿ 1975ರಲ್ಲಿ ಬರಪಾಸಾರಸ್ ಟಾಗೋರಿ ಎಂದು ಹೆಸರಿಟ್ಟರು. ಜೋಡಿಸಿದ ಅಸ್ಥಿಪಂಜರ ಆ ಸಂಸ್ಥೆಯ ಸಂಗ್ರಹಾಲಯದಲ್ಲಿದೆ. ಇದಕ್ಕೂ ತಲೆಬುರುಡೆ ಸಿಗಲಿಲ್ಲ, ಕೆಲವು ಹಲ್ಲು ಮಾತ್ರ. ಹಾಗಾಗಿ ಬರಪಾಸಾರಸ್‌ನ ಮುಖವನ್ನು ಯಾರೇ ಬರೆಯಲಿ, ಅದು ನೆಂಟರ ಮುಖ ನೋಡಿ ಮಾಡಿದ ಅಂದಾಜು. ಗುಜರಾತಿನ ರೈಯೋಲಿ ಹಳ್ಳಿಯಲ್ಲಿ ಸಿಕ್ಕಿ 2003ರಲ್ಲಿ ಹೆಸರು ಪಡೆದ ರಾಜಾಸಾರಸ್‌ನದೂ ಪೂರ್ಣ ಅಸ್ಥಿಪಂಜರ ಸಿಕ್ಕಿಲ್ಲ. ತಲೆಯ ಭಾಗ, ಸೊಂಟ, ಕಾಲು, ಬೆನ್ನಿನ ಕೆಲವು ಮೂಳೆ, ಇಷ್ಟರಿಂದಲೇ ಅದರ ರೂಪ ಕಟ್ಟಿದ್ದಾರೆ.

ಮೈಬಣ್ಣ ಎಂದಿಗೂ ತಿಳಿಯದು ಎಂದೇ ಎಲ್ಲರೂ ಅಂದುಕೊಂಡಿದ್ದರು. 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಒಬ್ಬ ರೈತನಿಗೆ ಸಿಕ್ಕ ಪುಟ್ಟ ಡೈನೋಸಾರ್‌ನ ಮೈಮೇಲೆ ತುಪ್ಪಳದಂಥ ಗರಿಗಳ ಗುರುತು ಇತ್ತು. 2010ರಲ್ಲಿ ವಿಜ್ಞಾನಿಗಳು ಆ ಗರಿಯೊಳಗಿನ ಬಣ್ಣದ ಕಣಗಳನ್ನೇ ಸೂಕ್ಷ್ಮದರ್ಶಕದಲ್ಲಿ ಕಂಡು, ಬಾಲದ ಮೇಲೆ ಕೆಂಗಂದು ಮತ್ತು ಬಿಳಿ ಪಟ್ಟೆಗಳಿದ್ದವು ಎಂದರು. ಈಗ ಒಳ್ಳೆಯ ಮಾದರಿ ಮಾಡುವವರು ಮೂಳೆಯನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಜೋಡಿಸಿ, ತ್ರೀಡಿ ಪ್ರಿಂಟರಿನಲ್ಲಿ ತೆಗೆಯುತ್ತಾರೆ. ಜೇಡಿಮಣ್ಣು ಹೋಗಿ ರಾಳ, ಫೈಬರ್ ಬಂದಿದೆ. ಕ್ರಮ ಮಾತ್ರ ಹಾಕಿನ್ಸ್ ಅವರದೇ. ಮೊದಲು ಮೂಳೆ, ಆಮೇಲೆ ಚಿಕ್ಕ ಮಾದರಿ, ತಿಳಿದವರ ಒಪ್ಪಿಗೆ, ನಂತರ ದೊಡ್ಡದು.

ಕೇಳಬೇಕಾದ ಮೂರು ಪ್ರಶ್ನೆ

ಶಾಲೆಗೋ ಊರ ಉದ್ಯಾನಕ್ಕೋ ಡೈನೋಸಾರ್ ತರಿಸುವ ಮಾತು ಬಂದರೆ, ಮಾರುವವರನ್ನು ಮೂರು ಮಾತು ಕೇಳಿ ಎಂದು ನಾವು ಹೇಳುತ್ತೇವೆ. ಇದು ಯಾವ ಪ್ರಾಣಿ, ಹೆಸರೇನು? ಇದರ ಯಾವ ಯಾವ ಮೂಳೆ ಸಿಕ್ಕಿವೆ, ಯಾವುದು ಅಂದಾಜು? ಯಾವ ವರ್ಷದ ತಿಳಿವಳಿಕೆಯಂತೆ ಮಾಡಿದ್ದು? ಉತ್ತರ ಬಂದರೆ ಅದನ್ನೇ ಒಂದು ಹಲಗೆಯ ಮೇಲೆ ಬರೆಸಿ ಪಕ್ಕದಲ್ಲಿ ನಿಲ್ಲಿಸಿ. ಮೇಷ್ಟ್ರಿಗೆ ಅದೇ ಒಂದು ಪಾಠವಾಗುತ್ತದೆ. ಉತ್ತರ ಬರದಿದ್ದರೆ ಅದು ಬರೀ ಆಟದ ಗೊಂಬೆ. ಆಟದ ಗೊಂಬೆ ತಂದರೂ ತಪ್ಪೇನಿಲ್ಲ, ವಿಜ್ಞಾನ ಎಂದು ಹಣ ಕೊಡಬೇಡಿ ಅಷ್ಟೆ.

ಸಿಡ್ನಮ್‌ನ ಗಾಜಿನ ಅರಮನೆ 1936ರ ನವೆಂಬರ್ 30ರಂದು ಬೆಂಕಿಗೆ ಆಹುತಿಯಾಯಿತು. ಕೆರೆಯ ಬಳಿಯ ಪ್ರಾಣಿಗಳು ಉಳಿದವು. 2007ರಲ್ಲಿ ಬ್ರಿಟನ್ ಸರ್ಕಾರ ಅವುಗಳಿಗೆ ಅತ್ಯುನ್ನತ ದರ್ಜೆಯ ಪಾರಂಪರಿಕ ರಕ್ಷಣೆ ಕೊಟ್ಟಿತು. 2020ರಲ್ಲಿ ಮೆಗಲೊಸಾರಸ್‌ನ ಮೂತಿ ಮುರಿದು ಬಿತ್ತು. ಮರುವರ್ಷ ಹಗುರವಾದ ಹೊಸ ದವಡೆ ಮಾಡಿ ಕೂರಿಸಿದರು. ಮಾಂಸ ತಿನ್ನುವ ಡೈನೋಸಾರ್‌ನ ಮುಖ ಹೇಗಿತ್ತೆಂದು ಇವತ್ತು ಹೆಚ್ಚು ಗೊತ್ತಿದೆ. ಆದರೂ ಅದನ್ನು ತಿದ್ದಲಿಲ್ಲ, 1854ರಲ್ಲಿ ಹಾಕಿನ್ಸ್ ಮಾಡಿದ್ದ ರೂಪವನ್ನೇ ಮರಳಿ ಕೊಟ್ಟರು. ಅದು ಈಗ ಡೈನೋಸಾರ್‌ನ ಮಾದರಿ ಎನ್ನುವುದಕ್ಕಿಂತ, ಆ ವರ್ಷ ಮನುಷ್ಯರಿಗೆ ಎಷ್ಟು ತಿಳಿದಿತ್ತು ಎಂಬುದರ ದಾಖಲೆ. ಅದರ ಹತ್ತಿರದಲ್ಲೇ ಎರಡು ಇಗ್ವಾನೊಡಾನ್ ಇವೆ. ಒಂದು ನಾಲ್ಕು ಕಾಲ ಮೇಲೆ ನಿಂತಿದೆ, ಇನ್ನೊಂದು ಮರದ ಕಾಂಡದ ಮೇಲೆ ಕೈಯೂರಿ ಒರಗಿದೆ. ಕೊಂಬು ಇನ್ನೂ ಮೂಗಿನ ಮೇಲೇ ಇದೆ.